ಕೆರೆಗೆ ಇಳಿಯುತ್ತಿದ್ದ ವಿಮಾನ!

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಕೆರೆ ಅಂದರೆ ತೋಟಕ್ಕೆ ನೀರು, ದನಕ್ಕೆ ನೀರು. ಕೆರೆಗೆ ವಿಮಾನ ಇಳಿಯಿತು ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ನಂಬಲಿಕ್ಕಿಲ್ಲ. ಆದರೆ ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಇಳಿದದ್ದು ನಿಜ. ಹೆಸರು ಕ್ಯಾಟಲಿನಾ. ದೋಣಿಯಂಥ ಹೊಟ್ಟೆ, ಕೆಲಸ ಕಡಲ ಕಾವಲು. 1940ರಲ್ಲಿ ಶುರುವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ರಿಪೇರಿಗೆ ಬರುತ್ತಿತ್ತು.

ಇದೇ ಜಾತಿಯ ಐದು ವಿಮಾನಗಳು ಪ್ರಯಾಣಿಕರನ್ನೂ ಹೊತ್ತವು. 1942ರಲ್ಲಿ ಜಪಾನಿನವರು ಸಿಂಗಾಪುರ ಹಿಡಿದರು. ಆಸ್ಟ್ರೇಲಿಯಾದ ವಿಮಾನದಾರಿ ಮುಚ್ಚಿತು. 1943ರಲ್ಲಿ ಕ್ವಾಂಟಾಸ್ ಕಂಪನಿ ಭಾರದ ಸಾಮಾನು ಕಿತ್ತುಹಾಕಿ, ಹೆಚ್ಚಿನ ಪೆಟ್ರೋಲ್ ಟ್ಯಾಂಕ್ ಕೂರಿಸಿ, ಸಿಲೋನಿಗೂ ಪರ್ತ್‌ಗೂ ನಡುವೆ ಓಡಿಸಿತು. ಸಾಮಾನ್ಯವಾಗಿ ಮೂರೇ ಜನ, ಜೊತೆಗೆ ಟಪಾಲು. ಬಸ್ಸಿನಲ್ಲಿ ನಿಂತು ಗೊಣಗುವವರು ಕೇಳಿ: 27ರಿಂದ 33 ಗಂಟೆ, ನಡುವೆ ಒಂದೂ ಸ್ಟಾಪಿಲ್ಲ! ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೋ ಬಂದ್, ನಕ್ಷತ್ರ ನೋಡಿ ದಾರಿ. ಒಂದೇ ಪ್ರಯಾಣದಲ್ಲಿ ಎರಡು ಸೂರ್ಯೋದಯ. 1945ರೊಳಗೆ 271 ಸಲ ಸಾಗರ ದಾಟಿದರೂ ಒಂದು ಜೀವವೂ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಐದನ್ನೂ ಕಡಲಲ್ಲಿ ಮುಳುಗಿಸಿದರು.

ಇನ್ನು ಬೆಳ್ಳಂದೂರು ಕೆರೆ? ಕೊಳಚೆ, ಕಳೆ ತುಂಬಿ 2018ರಲ್ಲಿ ಹೊತ್ತಿ ಉರಿಯಿತು. ನಮ್ಮ ಕೆರೆಗಳಿಗೆ ವಿಮಾನ ಬರದಿದ್ದರೆ ಬೇಡ; ನೀರಾದರೂ ಉಳಿಯಲಿ.