ವಿಷ, ವಿಷಯ, ವಿಷಯೆ

ಕುಬಟೂರಿನ ಕೈಟಭೇಶ್ವರ ದೇವಾಲಯದ ಮಂಟಪದಲ್ಲಿ ಮೊನ್ನೆ ಒಂದು ಸಂಜೆ ನಾವು ಮೂವರು ಕುಳಿತಿದ್ದೆವು: ನಾನು, ನನ್ನ ಸೋದರಮಾವನವರು, ಅವರ ಮೊಬೈಲು. ಹೆಚ್ಚು ಮಾತಾಡಿದುದು ಮೊಬೈಲೇ. ಕಾಲು ಗಂಟೆಯೊಳಗೆ ಅದು ಗಂಡಹೆಂಡಿರ ಜಗಳದ ನಗೆಹನಿಯೊಂದನ್ನು ಹೇಳಿತು. ಸಕ್ಕರೆ ಕಾಯಿಲೆಗೆ ಬೆಂಡೆಕಾಯಿಯ ನೀರೇ ರಾಮಬಾಣವೆಂದು ಸಾರಿತು. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಸಂಸ್ಥೆ ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿತೆಂಬ ಹಳೆಯ ಸುಳ್ಳನ್ನು ಮತ್ತೊಮ್ಮೆ ಹೊತ್ತು ತಂದಿತು. ಯಾವುದೋ ಊರಿನಲ್ಲಿ ಯಾರೋ ಯಾರ ದೇವರನ್ನೋ ಅವಮಾನಿಸಿದರೆಂದು ಕೂಗಾಡಿತು. ಕೊನೆಗೆ ‘ನಮ್ಮ ಹೆಮ್ಮೆಯ ಕುಬಟೂರು’ ಎಂಬ ತಲೆಬರಹದ ಚಿತ್ರವೊಂದು ಬಂದಿತು. ಮಾವನವರು ಕಂಡೊಡನೆಯೇ ಅದನ್ನು ನಾಲ್ಕು ಗುಂಪುಗಳಿಗೆ ಸಾಗಿಸಿಬಿಟ್ಟರು.

“ಮಾವ, ಇದರಲ್ಲಿ ಮೂರು ಶಿಖರಗಳಿವೆ. ಇದು ಬಳ್ಳಿಗಾವೆಯ ಕೇದಾರೇಶ್ವರ. ನಾವು ಕುಳಿತಿರುವ ಗುಡಿಯನ್ನೊಮ್ಮೆ ತಲೆಯೆತ್ತಿ ನೋಡಬಾರದಿತ್ತೆ?” ಎಂದೆ.

“ಹೌದಲ್ಲೋ! ಇರಲಿ ಬಿಡು, ಅಲ್ಲಿಯೂ ಶಿವ, ಇಲ್ಲಿಯೂ ಶಿವ,” ಎಂದರು ಮಾವ.

ಇಬ್ಬರೂ ನಕ್ಕೆವು. ಆದರೆ ನಕ್ಕು ಮರೆಯುವ ಸಂಗತಿ ಇದಲ್ಲವೆಂದು ಆ ರಾತ್ರಿ ನನಗನ್ನಿಸಿತು.

ವಾಟ್ಸಾಪಿನಲ್ಲಿ ಹರಿಯುವ ಸರಕು ಮುಖ್ಯವಾಗಿ ಮೂರು ಬಗೆಯದು: ನಗಿಸುವುದು, ತಿಳಿಸುವುದು, ಕೆರಳಿಸುವುದು. ನಮ್ಮ ಸಂತೆಯಲ್ಲಿಯೂ ನೂರೆಂಟು ಸರಕು ಬರುವುದುಂಟು. ಆದರೆ ಅಲ್ಲಿ ಬಳೆಗಾರನ ಅಂಗಡಿ ಬೇರೆ, ಮೆಣಸಿನಕಾಯಿಯ ರಾಶಿ ಬೇರೆ, ಸರ್ವರೋಗಕ್ಕೂ ಒಂದೇ ಎಣ್ಣೆ ಮಾರುವವನ ಚಾಪೆ ಬೇರೆ. ಯಾರನ್ನು ಎಷ್ಟು ನಂಬಬೇಕೆಂಬುದನ್ನು ಕೊಳ್ಳುವವನು ಬಲ್ಲ. ಮೊಬೈಲಿನಲ್ಲಿ ಈ ಮೂರು ಸರಕೂ ಒಂದೇ ಕೈಯಿಂದ, ಮಾವನ ಕೈಯಿಂದಲೋ ಗೆಳೆಯನ ಕೈಯಿಂದಲೋ ಬರುತ್ತವೆ. ಬರೆದವನು ಯಾರೆಂದು ನಾವು ಕೇಳುವುದಿಲ್ಲ, ಕಳುಹಿಸಿದವನನ್ನು ನಂಬುತ್ತೇವೆ. ಹತ್ತು ದಿನ ಅವನ ನಗೆಹನಿಗೆ ನಕ್ಕ ಮನಸ್ಸು, ಹನ್ನೊಂದನೆಯ ದಿನ ಅವನು ರೋಷವನ್ನು ತಂದಾಗಲೂ ಬಾಗಿಲು ತೆರೆದೇ ಇರುತ್ತದೆ.

ಈ ಚಾಳಿ ಇಂದಿನದೇನೂ ಅಲ್ಲ. ‘ಇದನ್ನು ನಕಲು ಮಾಡಿ ಇಷ್ಟು ಮಂದಿಗೆ ಕಳುಹಿಸದಿದ್ದರೆ ಕೇಡು ತಪ್ಪದು’ ಎಂದು ಬೆದರಿಸುವ ಅಂಚೆ ಕಾರ್ಡುಗಳನ್ನು ನಮ್ಮ ಹಿರಿಯರು ಬಲ್ಲರು. ೧೯೯೦ರ ದಶಕದಲ್ಲಿ, ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವವನ್ನು ಮರಳಿಸಲೆಂದು ಕನ್ನಡನಾಡಿನ ಎಷ್ಟೋ ಮನೆಗಳ ಕದದ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ದೆವ್ವಕ್ಕೂ ಕನ್ನಡ ಓದಲು ಬರುತ್ತಿತ್ತೆಂಬುದು ಕನ್ನಡ ಮೇಷ್ಟ್ರಾದ ನನಗೆ ಸಂತೋಷದ ವಿಷಯವೇ. ೧೯೯೫ರ ಸೆಪ್ಟೆಂಬರ್ ೨೧ರಂದು ಗಣಪತಿಯ ವಿಗ್ರಹ ಹಾಲು ಕುಡಿಯುತ್ತಿದೆಯೆಂಬ ಸುದ್ದಿ, ಮೊಬೈಲಿನ ಹಂಗಿಲ್ಲದೆಯೇ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ಇವುಗಳಿಂದ ಹೋದದ್ದು ಒಂದಿಷ್ಟು ಸುಣ್ಣ, ಒಂದಿಷ್ಟು ಹಾಲು.

ಮುಂದೆ ಹೋದದ್ದು ಅಷ್ಟಕ್ಕೇ ನಿಲ್ಲಲಿಲ್ಲ. ೨೦೧೨ರ ಆಗಸ್ಟ್‌ನಲ್ಲಿ, ತಮ್ಮ ಮೇಲೆ ಹಲ್ಲೆಯಾಗುವುದೆಂಬ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಹಸ್ರಾರು ಜನರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ೨೦೧೮ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ಹಬ್ಬಿತು. ಅದರ ಜೊತೆಗೆ, ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಇತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವಿಗಾಗಿ ಮಾಡಿದ ಕಿರುಚಿತ್ರ. ಕೊನೆಯಲ್ಲಿ ಆ ಸವಾರರೇ ಮಗುವನ್ನು ಮರಳಿಸಿ ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದ್ದರು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ ೧೩ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಗೆಳೆಯರೊಡನೆ ಬಂದಿದ್ದ ಇಂಜಿನಿಯರೊಬ್ಬರು ಹಾಗೆಯೇ ಸತ್ತರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟುದೇ ಅವರಿಗೆ ಮುಳುವಾಯಿತು.

ಇದನ್ನು ದೂರದವರ ತಪ್ಪೆಂದು ಬರೆದು ಕೈತೊಳೆದುಕೊಳ್ಳಲು ನನ್ನಿಂದಾಗದು. ಆ ದಿನಗಳಲ್ಲಿ ಅದೇ ಸಂದೇಶವನ್ನು ನಾನೂ ನಮ್ಮ ಬಂಧುಗಳ ಗುಂಪಿಗೆ ಕಳುಹಿಸಿದ್ದೆ. ‘ನಿಜವೋ ಸುಳ್ಳೋ, ಎಚ್ಚರವಾಗಿದ್ದರೆ ನಷ್ಟವೇನು?’ ಎಂಬುದು ಎಂ.ಎ. ಓದಿದ ನನ್ನ ತರ್ಕ. ಎರಡು ದಿನಗಳ ತರುವಾಯ ನಮ್ಮ ಕಡೆಯ ಹಳ್ಳಿಯೊಂದರಲ್ಲಿ, ಮನೆಮನೆಗೆ ಹೊದಿಕೆ ಮಾರಲು ಬಂದವನನ್ನು ಹುಡುಗರು ತಡೆದು ನಿಲ್ಲಿಸಿದರು. ಗಂಟನ್ನು ಬಿಚ್ಚಿಸಿದರು. ಒಬ್ಬನು ಕೊರಳಪಟ್ಟಿಗೆ ಕೈಹಾಕಿದನು. ಆಗ ಜಗುಲಿಯಿಂದ ಮುದುಕಿಯೊಬ್ಬಳು ಇಳಿದು ಬಂದು, “ಬಿಡ್ರೋ! ಹೋದ ವರ್ಷ ಇವನ ಹತ್ತಿರವೇ ಕಂಬಳಿ ಕೊಂಡಿದ್ದೆ, ಇನ್ನೂ ಐವತ್ತು ರೂಪಾಯಿ ಕೊಡುವುದಿದೆ,” ಎಂದಳಂತೆ. ಆ ಐವತ್ತು ರೂಪಾಯಿಯ ಸಾಲ ಒಂದು ಜೀವವನ್ನುಳಿಸಿತು. ಆ ಹುಡುಗರಲ್ಲಿ ಒಬ್ಬನು ನಮ್ಮ ಗುಂಪಿನವನೇ. ಅವನ ಮೊಬೈಲಿನಲ್ಲಿದ್ದ ವಿಡಿಯೋ ನಾನು ಕಳುಹಿಸಿದ್ದೇ.

ಅಂದಿನಿಂದ ಕುಬಟೂರೆಂದರೆ ನನಗೆ ಚಂದ್ರಹಾಸನ ಕಾಗದ ನೆನಪಾಗುತ್ತದೆ. ಚಂದ್ರಹಾಸನ ಕಥೆಯ ಕುಂತಳಪುರ ಈ ಊರೇ ಎಂಬುದು ಇಲ್ಲಿನವರ ನಂಬಿಕೆ. ಲಕ್ಷ್ಮೀಶನ ಜೈಮಿನಿ ಭಾರತದಿಂದಲೂ ಯಕ್ಷಗಾನದ ಆಟಗಳಿಂದಲೂ ಕಥೆ ಎಲ್ಲರಿಗೂ ತಿಳಿದದ್ದೇ. ‘ಇವನಿಗೆ ವಿಷವನ್ನು ಕೊಡು’ ಎಂದು ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಕಾಗದ ಬರೆದು, ಅದನ್ನು ಚಂದ್ರಹಾಸನ ಕೈಯಲ್ಲಿಯೇ ಕಳುಹಿಸುತ್ತಾನೆ. ಪಾಪ, ಅವನು ತನ್ನ ಸಾವನ್ನು ತಾನೇ ಓದದೆ ಹೊತ್ತು ನಡೆಯುತ್ತಾನೆ. ಊರ ಹೊರಗಿನ ತೋಟದಲ್ಲಿ ಅವನು ಮಲಗಿದ್ದಾಗ ಮಂತ್ರಿಯ ಮಗಳು ವಿಷಯೆ ಕಾಗದವನ್ನು ಓದಿ, ತಂದೆ ತಪ್ಪಾಗಿ ಬರೆದಿರಬೇಕೆಂದು ತಿಳಿದು, ಕಣ್ಣಿನ ಕಾಡಿಗೆಯಿಂದ ವಿಷವನ್ನು ವಿಷಯೆಯಾಗಿ ತಿದ್ದುತ್ತಾಳೆ. ಸಾಯಬೇಕಾದವನು ಅಳಿಯನಾಗುತ್ತಾನೆ.

ಎಲ್ಲ ತಿದ್ದುಪಡಿಯೂ ವಿಷಯೆಯ ಕೈಯಲ್ಲಿ ಆಗುವುದಿಲ್ಲ. ಕರಾಚಿಯ ಚಿತ್ರದ ಕೊನೆಯನ್ನು ಕತ್ತರಿಸಿದವನು ವಿಷಯವನ್ನು ವಿಷವಾಗಿ ತಿದ್ದಿದನು. ಅದನ್ನು ಹೊತ್ತವರು ನಾವೆಲ್ಲ, ಓದದೆ ನಡೆದ ಚಂದ್ರಹಾಸರು. ಕಥೆಯ ಮುಂದಿನ ಭಾಗವನ್ನೂ ಮರೆಯಬಾರದು. ದುಷ್ಟಬುದ್ಧಿ ಅಳಿಯನನ್ನು ಕೊಲ್ಲಿಸಲು ದೇವಿಯ ಗುಡಿಯಲ್ಲಿ ಕಟುಕರನ್ನು ನಿಲ್ಲಿಸಿದಾಗ, ಅವನ ಬದಲು ಅಲ್ಲಿಗೆ ಹೋದವನು ಮದನ. ಕಳುಹಿಸಿದ ವಿಷ ಕಳುಹಿಸಿದವನ ಮನೆಗೇ ಬಂದಿತು.

ಇದೇ ಊರಿನಲ್ಲಿ ಇನ್ನೊಂದು ಬಗೆಯ ಬರಹವೂ ಇದೆ. ೧೯೦೪ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ೮ನೆಯ ಸಂಪುಟದಲ್ಲಿ ಸೊರಬದ ಶಾಸನಗಳಿವೆ. ಕುಬಟೂರಿನ ೧೦೭೭ರ ಶಾಸನವೊಂದು, ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಇಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಮಾಡಿಸಿದಳೆಂದೂ, ಊರಿನ ಬ್ರಾಹ್ಮಣ ಮಹಾಜನರು ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟರೆಂದೂ ತಿಳಿಸುತ್ತದೆ. ಒಂದು ಮತದವರ ಗುಡಿಗೆ ಮತ್ತೊಂದು ಮತದವರು ಹೆಸರಿಟ್ಟ ಈ ಸುದ್ದಿಯನ್ನು ಯಾರೂ ಯಾರಿಗೂ ಸಾಗಿಸಿದುದನ್ನು ನಾನು ಕಂಡಿಲ್ಲ.

ನಮ್ಮ ಶಾಸನಗಳಲ್ಲಿಯೂ ಬೆದರಿಕೆಯುಂಟು; ದಾನವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪ ಎಷ್ಟೋ ಶಾಸನಗಳ ಕೊನೆಗಿದೆ. ಆದರೆ ಕಲ್ಲಿನ ಬರಹಕ್ಕೆ ಕಾಲವಿದೆ, ಊರಿದೆ, ಕೊಟ್ಟವರ ಹೆಸರಿದೆ, ಅನೇಕ ಕಡೆ ಬರೆದವನ ಮತ್ತು ಕಂಡರಿಸಿದವನ ಹೆಸರೂ ಇದೆ. ಸುಳ್ಳಾದರೆ ಹಿಡಿದು ಕೇಳಲು ಒಬ್ಬನಿರುತ್ತಾನೆ.

೨೦೧೮ರ ಜುಲೈನಲ್ಲಿ ವಾಟ್ಸಾಪ್ ಕಂಪನಿಯು, ಹಾಗೆ ಸಾಗಿಬಂದ ಸಂದೇಶಕ್ಕೆ ಗುರುತು ಹಚ್ಚಿತು; ಭಾರತದಲ್ಲಿ ಒಂದು ಸಲಕ್ಕೆ ೫ ಕಡೆಗಿಂತ ಹೆಚ್ಚು ಸಾಗಿಸದಂತೆ ಮಿತಿ ಹಾಕಿತು. ೨೦೨೦ರ ಏಪ್ರಿಲ್‌ನಲ್ಲಿ, ಬಹಳ ಕೈ ದಾಟಿ ಬಂದುದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದೆಂದು ಬಿಗಿಮಾಡಿತು. ಒಳ್ಳೆಯದೇ. ಆದರೆ ಕಾಗದವನ್ನು ಬಿಚ್ಚಿ ಓದುವ ಕೆಲಸ ಹೊತ್ತವನದೇ. ಯಾರು ಬರೆದರು? ಎಂದು? ಎಲ್ಲಿಯದು? ಕಲ್ಲು ತಾನಾಗಿ ಹೇಳುವ ಈ ಮೂರು ಮಾತನ್ನು ಮೊಬೈಲಿನಿಂದ ನಾವೇ ಕೇಳಿ ಪಡೆಯಬೇಕು.

ಮರುದಿನ ಮಾವನವರಿಗೆ ಇದನ್ನೆಲ್ಲ ಹೇಳಿದೆ. ಹೊದಿಕೆ ಮಾರುವವನ ಸಂಗತಿ ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕನ್ನಡಕ ಹಾಕಿಕೊಂಡು, ಅದೇ ನಾಲ್ಕು ಗುಂಪುಗಳಿಗೆ, ‘ನಿನ್ನೆ ಕಳುಹಿಸಿದ ಚಿತ್ರ ಕುಬಟೂರಿನದಲ್ಲ, ಬಳ್ಳಿಗಾವೆಯದು. ನೋಡದೆ ಕಳುಹಿಸಿದೆ, ತಪ್ಪಾಯಿತು’ ಎಂದು ನಿಧಾನವಾಗಿ ಬರೆದು, ಕೆಳಗೆ ತಮ್ಮ ಹೆಸರು ಹಾಕಿದರು.