ಅಂಕಿಗಳ ಜರಡಿ

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿನಿಯೊಬ್ಬಳು ಹಾಡಿದಳು. ಅವಳಿಗೊಂದು, ಮೃದಂಗಕ್ಕೊಂದು ಮೈಕನ್ನಿರಿಸಿ, ಎರಡನ್ನೂ ಬೇರೆಬೇರೆಯಾಗಿ ಗಣಕಯಂತ್ರದಲ್ಲಿ ಮುದ್ರಿಸಿಕೊಂಡೆವು. ಬಿಡಿಯಾಗಿ ಕೇಳಿದಾಗ ಎರಡೂ ಸೊಗಸಾಗಿದ್ದುವು. ಕೂಡಿಸಿದೊಡನೆ ಹಾಡು ಮೃದಂಗದ ಹಿಂದೆ ಅಡಗಿತು. ಹಾಡನ್ನು ಇಡಿಯಾಗಿ ಏರಿಸಿದರೆ ಮೃದಂಗ ಬಡವಾಗುತ್ತಿತ್ತು.

ಇದರ ಕಾರಣ ನಮ್ಮ ಕಿವಿಯಲ್ಲಿಯೇ ಇದೆ. ಬಲವಾದ ನಾದವು ತನ್ನ ಕಂಪನಾಂಕಕ್ಕೆ ಸಮೀಪವಾದ ದುರ್ಬಲ ನಾದವನ್ನು ಮರೆಮಾಡುತ್ತದೆ. ಅದರಲ್ಲಿಯೂ ಮಂದ್ರನಾದವು ತನಗಿಂತ ಮೇಲಿನದನ್ನು ಮುಚ್ಚುವಷ್ಟು ಸುಲಭವಾಗಿ ತಾರನಾದವು ಕೆಳಗಿನದನ್ನು ಮುಚ್ಚಲಾರದು. ಆದುದರಿಂದ ಎರಡು ನಾದಗಳು ಎಲ್ಲಿ ತಾಕಲಾಡುತ್ತವೆಯೋ ಅಲ್ಲಿ ಮಾತ್ರ ಕೈಯಿಡಬೇಕು.

ಆ ಕೆಲಸದ ಉಪಕರಣವೇ ಈಕ್ವಲೈಸರ್. ದೂರವಾಣಿಯ ನೀಳವಾದ ತಂತಿಗಳಲ್ಲಿ ತಾರನಾದಗಳು ಹೆಚ್ಚು ಕುಗ್ಗುತ್ತಿದ್ದುವು. ಅವನ್ನು ಮಿಕ್ಕವಕ್ಕೆ ಸಮಮಾಡಲೆಂದು ಬಳಕೆಗೆ ಬಂದುದರಿಂದ ಈ ಹೆಸರು. ಕಂಪನಾಂಕ, ಏರಿಳಿಕೆಯ ಪ್ರಮಾಣ, ಪಟ್ಟಿಯ ಅಗಲ ಈ ಮೂರನ್ನೂ ಸ್ವತಂತ್ರವಾಗಿ ಹೊಂದಿಸುವ ಬಗೆಯನ್ನು ಅಮೆರಿಕದ ಜಾರ್ಜ್ ಮ್ಯಾಸೆನ್‌ಬರ್ಗ್ 1972ರಲ್ಲಿ ಪ್ರಬಂಧವೊಂದರಲ್ಲಿ ವಿವರಿಸಿದರು. ಅಂದು ವಿದ್ಯುನ್ಮಂಡಲಗಳ ಪೆಟ್ಟಿಗೆಯಾಗಿದ್ದುದು ಇಂದು ಪ್ಲಗಿನ್ ಎಂಬ ಪುಟ್ಟ ತಂತ್ರಾಂಶವಾಗಿ, ಧ್ವನಿಗಳನ್ನು ಬೆರಸುವ ದೊಡ್ಡ ತಂತ್ರಾಂಶದೊಳಗೆ ಸೇರಿಕೊಳ್ಳುತ್ತದೆ.

ಅಲ್ಲಿ ತಂತಿಯ ಸುರುಳಿಯಿಲ್ಲ, ಧಾರಕವಿಲ್ಲ. ಹಾಗಾದರೆ ಮಂದ್ರವನ್ನು ತಾರದಿಂದ ಸೋಸುವುದು ಯಾವುದು? ಕೂಡುವುದು, ಗುಣಿಸುವುದು, ಇಷ್ಟೇ! ಮುದ್ರಿತ ಧ್ವನಿಯೆಂದರೆ ಸೆಕೆಂಡಿಗೆ, ಉದಾಹರಣೆಗೆ, 44,100 ಸಂಖ್ಯೆಗಳ ಸಾಲು. ಪ್ರತಿಯೊಂದನ್ನೂ ಅದರ ಹಿಂದಿನ ಸಂಖ್ಯೆಯೊಡನೆ ಕೂಡಿಸಿ ಎರಡರಿಂದ ಭಾಗಿಸಿರಿ. ಸೆಕೆಂಡಿಗೆ 100 ಕಂಪನಗಳ, ಎಂದರೆ 100 ಹರ್ಟ್ಸಿನ ನಾದದಲ್ಲಿ ನೆರೆಯ ಸಂಖ್ಯೆಗಳು ಹೆಚ್ಚುಕಡಮೆ ಒಂದೇ; ಸರಾಸರಿಯೂ ಅದೇ. 22,050 ಹರ್ಟ್ಸಿನ ಬಳಿಯಲ್ಲಾದರೋ ಅವು ಧನ, ಋಣ, ಧನ, ಋಣ ಎಂದು ಹೊರಳುತ್ತವೆ, ಸರಾಸರಿ ಸೊನ್ನೆಗಿಳಿಯುತ್ತದೆ. ತಾರ ಅಳಿಯಿತು, ಮಂದ್ರ ಉಳಿಯಿತು! ಕೂಡುವ ಬದಲು ಕಳೆದರೆ ಫಲ ತಿರುಗುಮುರುಗು. ವಾಚಕರು ಕಾಗದದ ಮೇಲೆ ಮಾಡಿ ನೋಡಬಹುದು. ಪ್ಲಗಿನ್ನಿನ ಪಟ್ಟಿಯೊಂದು ಸಾಮಾನ್ಯವಾಗಿ ಒಳಬಂದ ಹಿಂದಿನ ಎರಡು, ಹೊರಹೋದ ಹಿಂದಿನ ಎರಡು ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡು ಪ್ರತಿ ಹೆಜ್ಜೆಗೂ ಐದು ಗುಣಾಕಾರಗಳನ್ನು ಮಾಡುತ್ತದೆ: ಸೆಕೆಂಡಿಗೆ 2,20,500.

ಇಷ್ಟನ್ನು ತರಗತಿಯಲ್ಲಿ ಪಾಠ ಹೇಳುವ ನಾವೇ ಮೊದಲು ಎಡವಿದೆವು. ಹಾಡು ಎದ್ದು ಕೇಳಲೆಂದು ಅದನ್ನು 3,000 ಹರ್ಟ್ಸಿನ ಸುತ್ತ 6 ಡೆಸಿಬೆಲ್, ಎಂದರೆ ಕಂಪನವಿಸ್ತಾರದಲ್ಲಿ ಇಮ್ಮಡಿ, ಏರಿಸಿದೆವು. ಸೊಗಸೆನಿಸಿತು, ಇನ್ನಷ್ಟು ಏರಿಸಿದೆವು. ಗಟ್ಟಿಯಾದುದೇ ಒಳ್ಳೆಯದೆಂದು ಕಿವಿ ಮೋಸಹೋಗುತ್ತದೆಂಬುದು ಮರೆತಿತ್ತು. ಮರುದಿನ ಕೇಳಿದ ಹುಡುಗಿ ತುಸು ಹೊತ್ತು ಸುಮ್ಮನಿದ್ದು, “ಇದು ನನ್ನ ಕಂಠವೇ, ಸಾರ್?” ಎಂದಳು. ಸಕಾರ ಶಕಾರಗಳೆಲ್ಲ ಹಾವಿನಂತೆ ಬುಸುಗುಟ್ಟುತ್ತಿದ್ದುವು.

ಎಲ್ಲವನ್ನೂ ಅಳಿಸಿ, ಈ ಬಾರಿ ತಗ್ಗಿಸುತ್ತ ಹೊರಟೆವು. 100 ಹರ್ಟ್ಸಿನ ಕೆಳಗೆ ಆಕೆಯ ಕಂಠದ್ದೇನೂ ಇರಲಿಲ್ಲ. ವೇದಿಕೆಯ ಗುಡುಗುಡು ಮಾತ್ರವಿತ್ತು. ಅದನ್ನು ಕಳೆದೆವು. ಮೃದಂಗವನ್ನು 250 ಹರ್ಟ್ಸಿನ ಸುತ್ತ 3 ಡೆಸಿಬೆಲ್ ಮಾತ್ರ ಇಳಿಸಿದೆವು. ಮುಟ್ಟದೆಯೇ ಹಾಡು ಮುಂದೆ ಬಂದಿತು.

ಆದರೂ ಚರಣದ ಒಂದೆಡೆ ಮೃದಂಗದ ಪೆಟ್ಟು ಗಾಯಕಿಯ ಮೈಕಿಗೇ ನುಗ್ಗಿ, ಅಕ್ಷರವೊಂದನ್ನು ನುಂಗಿತ್ತು. ಎರಡೂ ಒಂದೇ ಕಂಪನಾಂಕದವು. ಜರಡಿಗೆ ಕಾಳಿನ ಗಾತ್ರ ತಿಳಿಯುತ್ತದೆಯೇ ಹೊರತು ಅದು ಯಾರ ಹೊಲದ್ದೆಂದು ತಿಳಿಯದು. ಅದನ್ನು ಹಾಗೆಯೇ ಬಿಟ್ಟು, ಹಾಡನ್ನು ಅವಳಿಗೆ ಕೊಟ್ಟೆವು.