ನಮ್ಮ ಪರವಾಗಿ ಒಂದು ಮಾತು

2024ರ ಮಾರ್ಚ್ ತಿಂಗಳು, ತಪಸ್ಸುಕಾಲದ ಒಂದು ಮಂಗಳವಾರ. ಬೆಳಗಿನ ಪೂಜೆ ಮುಗಿದು ದೇವಾಲಯ ಬರಿದಾದ ಬಳಿಕ ಯುವತಿಯೊಬ್ಬಳು ತಾಯಿಯೊಡನೆ ಗುರುಮನೆಯ ಜಗುಲಿಗೆ ಬಂದು ಕುಳಿತಳು. ನಮ್ಮ ಧರ್ಮಕೇಂದ್ರದಲ್ಲೇ ಆಡಿ ಬೆಳೆದವಳು. ಇಲ್ಲಿ ವೈದ್ಯಕೀಯ ಪದವಿ ಪಡೆದು, ಅಮೆರಿಕದಲ್ಲಿ ನರರೋಗ ಚಿಕಿತ್ಸೆಯ ತರಬೇತಿ ಪಡೆಯಬೇಕೆಂಬ ಹಂಬಲದಿಂದ ಎರಡು ವರ್ಷ ಹಗಲಿರುಳೆನ್ನದೆ ಓದಿದವಳು. ಹಿಂದಿನ ರಾತ್ರಿ ಆಕೆಗೆ ಫಲಿತಾಂಶ ತಿಳಿದಿತ್ತು. ಯಾವ ಆಸ್ಪತ್ರೆಯಲ್ಲೂ ಸ್ಥಾನ ದೊರೆತಿರಲಿಲ್ಲ. “ಪರೀಕ್ಷೆಗಳಲ್ಲಿ ನಾನು ಹಿಂದೆ ಬಿದ್ದಿರಲಿಲ್ಲ ಫಾದರ್. ಇನ್ನೇನು ಮಾಡಬೇಕಿತ್ತೋ ತಿಳಿಯದು” ಎಂದಳು. ತಾಯಿ ಬೇರೆಯೇ ಕಾರಣವನ್ನು ಕಂಡುಕೊಂಡಿದ್ದರು. “ನಮ್ಮ ಪರವಾಗಿ ಹೇಳುವವರು ಅಲ್ಲಿ ಯಾರಿದ್ದಾರೆ ಫಾದರ್? ಎಲ್ಲ ಕಡೆಯೂ ವಶೀಲಿಯೇ!”

ಆ ತಾಯಿಯ ಮಾತಿನಲ್ಲಿ ಅರ್ಧ ಸತ್ಯವಿತ್ತು; ಉಳಿದರ್ಧ ನಮ್ಮಲ್ಲಿ ಅನೇಕರು ಹೊತ್ತು ನಡೆಯುವ ಒಂದು ತಪ್ಪು ಕಲ್ಪನೆ. ಕರ್ನಾಟಕದ ವೈದ್ಯಕೀಯ ಕಾಲೇಜುಗಳಿಂದ ಹೊರಬಂದು ಸಮುದ್ರದಾಚೆ ತರಬೇತಿ ಬಯಸುವ ಮಕ್ಕಳು ನಮ್ಮ ಅನೇಕ ಕುಟುಂಬಗಳಲ್ಲಿರುವುದರಿಂದ, ಈ ವಿಷಯವನ್ನು ಕೊಂಚ ವಿವರವಾಗಿ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇವೆ.

ನಮ್ಮ ದೇಶದಲ್ಲಿ ಸ್ನಾತಕೋತ್ತರ ವೈದ್ಯಕೀಯ ಸ್ಥಾನಗಳು ನೀಟ್ ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಮೇಲೆ ಹಂಚಿಕೆಯಾಗುತ್ತವೆ. ಅಭ್ಯರ್ಥಿ ಎಂಥವನು, ರೋಗಿಯ ಮಂಚದ ಬಳಿ ಹೇಗೆ ನಡೆದುಕೊಳ್ಳುತ್ತಾನೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಮೆರಿಕದ ಕ್ರಮ ಬೇರೆ. ಅಲ್ಲಿ ಈ ತರಬೇತಿಗೆ ರೆಸಿಡೆನ್ಸಿ ಎಂದು ಹೆಸರು. ಅಭ್ಯರ್ಥಿಗಳು ಸೆಪ್ಟೆಂಬರ್ ತಿಂಗಳಲ್ಲಿ ಅರ್ಜಿ ಸಲ್ಲಿಸುತ್ತಾರೆ. ಅದರೊಡನೆ ಪ್ರತಿಯೊಂದು ಆಸ್ಪತ್ರೆಗೂ ನಾಲ್ಕರವರೆಗೆ ಶಿಫಾರಸು ಪತ್ರಗಳನ್ನು ಕಳುಹಿಸಬಹುದು. ಸಂದರ್ಶನಗಳು ಚಳಿಗಾಲದುದ್ದಕ್ಕೂ ನಡೆಯುತ್ತವೆ. ಬಳಿಕ ಅಭ್ಯರ್ಥಿಯು ತನಗೆ ಬೇಕಾದ ಆಸ್ಪತ್ರೆಗಳನ್ನೂ, ಆಸ್ಪತ್ರೆಗಳು ತಮಗೆ ಬೇಕಾದ ಅಭ್ಯರ್ಥಿಗಳನ್ನೂ ಆದ್ಯತೆಯ ಕ್ರಮದಲ್ಲಿ ಪಟ್ಟಿ ಮಾಡುತ್ತಾರೆ. ಈ ಎರಡು ಪಟ್ಟಿಗಳನ್ನು ಹೊಂದಿಸುವ ‘ಮ್ಯಾಚ್’ ಎಂಬ ವ್ಯವಸ್ಥೆ 1952ರಿಂದ ನಡೆದುಬಂದಿದೆ. ಫಲಿತಾಂಶ ಮಾರ್ಚ್ ತಿಂಗಳಲ್ಲಿ.

2024ರಲ್ಲಿ ಲಭ್ಯವಿದ್ದ 41,503 ಸ್ಥಾನಗಳಿಗೆ 50,000ಕ್ಕೂ ಮಿಕ್ಕಿ ಅಭ್ಯರ್ಥಿಗಳು ಹೆಸರು ನೋಂದಾಯಿಸಿದ್ದರು. ಅಮೆರಿಕದ ಕಾಲೇಜುಗಳ ಅಂತಿಮ ವರ್ಷದ ಎಂ.ಡಿ. ವಿದ್ಯಾರ್ಥಿಗಳಲ್ಲಿ 100ಕ್ಕೆ 93 ಮಂದಿಗೆ ಸ್ಥಾನ ದೊರೆಯಿತು. ಹೊರದೇಶಗಳಲ್ಲಿ ಓದಿದ, ಅಮೆರಿಕದ ಪ್ರಜೆಗಳಲ್ಲದ ವೈದ್ಯರಲ್ಲಿ ಆ ಭಾಗ್ಯ ಒದಗಿದ್ದು 100ಕ್ಕೆ ಸುಮಾರು 58 ಮಂದಿಗೆ. ಇದಲ್ಲದೆ, ಅಲ್ಲಿನ ಅರ್ಹತಾ ಪರೀಕ್ಷೆಯ ಮೊದಲ ಹಂತದಲ್ಲಿ ಅಂಕ ನೀಡುವ ಪದ್ಧತಿಯನ್ನು 2022ರಲ್ಲಿ ಕೈಬಿಟ್ಟು, ಉತ್ತೀರ್ಣ ಅಥವಾ ಅನುತ್ತೀರ್ಣ ಎಂದಷ್ಟೇ ಪ್ರಕಟಿಸತೊಡಗಿದರು. ಅಭ್ಯರ್ಥಿಗಳನ್ನು ತೂಗಿ ನೋಡುವ ಒಂದು ಅಳತೆಗೋಲು ಹೀಗೆ ಇಲ್ಲವಾದಾಗ, ಅವರನ್ನು ಹತ್ತಿರದಿಂದ ಕಂಡವರ ಮಾತಿಗೆ ಬೆಲೆ ಬರುವುದು ಸಹಜ. ಚರ್ಮರೋಗ, ನರಗಳ ಶಸ್ತ್ರಚಿಕಿತ್ಸೆ, ಮೂಳೆ ಶಸ್ತ್ರಚಿಕಿತ್ಸೆಗಳಂತಹ ಸ್ಥಾನ ಕಡಿಮೆಯಿರುವ ವಿಭಾಗಗಳಲ್ಲಿ, ಮಾರ್ಗದರ್ಶಕರು ಪತ್ರ ಬರೆಯುವುದಲ್ಲದೆ, ತಮಗೆ ಪರಿಚಯವಿರುವ ತರಬೇತಿ ನಿರ್ದೇಶಕರಿಗೆ ದೂರವಾಣಿ ಮಾಡಿ ತಮ್ಮ ವಿದ್ಯಾರ್ಥಿಯ ಬಗ್ಗೆ ಹೇಳುವುದೂ ಉಂಟು. ಆದುದರಿಂದ “ಪರವಾಗಿ ಹೇಳುವವರು ಬೇಕು” ಎಂಬ ತಾಯಿಯ ಮಾತು ಸುಳ್ಳಲ್ಲ.

ಆದರೆ ಅದು ವಶೀಲಿಯೇ? ಸಂತ ಥಾಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಸ್ಪಷ್ಟವಾಗಿ ಬಿಡಿಸಿಟ್ಟಿದ್ದಾರೆ. ಒಬ್ಬನಿಗೆ ಬೋಧಕನ ಪದವಿಯನ್ನು ಆತನ ವಿದ್ವತ್ತನ್ನು ನೋಡಿ ಕೊಟ್ಟರೆ ಅದು ನ್ಯಾಯ. ಆತ ಇಂಥವನೆಂಬ ಒಂದೇ ಕಾರಣಕ್ಕೆ ಕೊಟ್ಟರೆ ಅದು ಪಕ್ಷಪಾತ, ಹಂಚಿಕೆಯ ನ್ಯಾಯಕ್ಕೆ ಎಸಗಿದ ದ್ರೋಹ ಎಂಬುದು ಅವರ ವಿಚಾರ. ಈ ಗೆರೆಯನ್ನು ಹಿಡಿದು ನೋಡಿದರೆ ವಿಷಯ ತಿಳಿಯಾಗುತ್ತದೆ. “ಈತ ನಮ್ಮವನು, ತೆಗೆದುಕೊಳ್ಳಿ” ಎನ್ನುವುದು ವಶೀಲಿ. “ಈಕೆಯೊಡನೆ ನಾನು ಒಂದು ತಿಂಗಳು ಕೆಲಸ ಮಾಡಿದ್ದೇನೆ, ನಾನು ಕಂಡದ್ದು ಇದು” ಎನ್ನುವುದು ಸಾಕ್ಷ್ಯ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ದೂರವಾಣಿ ಕರೆಯಂತೆ ತೋರಬಹುದು. ಮೊದಲನೆಯದು ನಿರ್ಧರಿಸುವವರ ಕಣ್ಣು ಕಟ್ಟುತ್ತದೆ. ಎರಡನೆಯದು ಅವರ ಕಣ್ಣು ತೆರೆಸುತ್ತದೆ.

ಅಂದು ನಾವು ಆ ಯುವತಿಯನ್ನು ಕೇಳಿದೆವು: “ನಿನಗೆ ಪತ್ರ ಕೊಟ್ಟವರು ಯಾರು?” ಒಬ್ಬರು, ಆಕೆಯನ್ನು ಎರಡು ಬಾರಿ ಮಾತ್ರ ಕಂಡಿದ್ದ ದೊಡ್ಡ ಹೆಸರಿನ ಪ್ರಾಧ್ಯಾಪಕರು. ಇನ್ನೊಬ್ಬರು, ಬಂಧುಗಳ ಮೂಲಕ ಪರಿಚಯವಾದ ಹಿರಿಯ ವೈದ್ಯರು. ಮತ್ತೊಬ್ಬರದು ಕಾಲೇಜಿನಿಂದ ಎಲ್ಲರಿಗೂ ದೊರೆಯುವಂತಹ ಪತ್ರ. ಹಿಂದಿನ ವರ್ಷ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ವೀಕ್ಷಕಳಾಗಿ ನಾಲ್ಕು ವಾರ ಒಬ್ಬ ನರರೋಗ ತಜ್ಞರ ಹಿಂದೆಯೇ ಓಡಾಡಿ, ದಿನವೂ ಅವರೊಡನೆ ರೋಗಗಳ ಬಗ್ಗೆ ಚರ್ಚಿಸಿದ್ದಳು. ಅವರನ್ನೇಕೆ ಕೇಳಲಿಲ್ಲ? “ಅಷ್ಟು ದೊಡ್ಡವರನ್ನು ಕೇಳಲು ಸಂಕೋಚವಾಯಿತು ಫಾದರ್. ಭಿಕ್ಷೆ ಬೇಡಿದಂತೆ ಅನಿಸಿತು.” ನೋಡಿ, ಆಕೆಯನ್ನು ಅರಿಯದವರ ಬಳಿ ಕೇಳಲು ಸಂಕೋಚವಾಗಲಿಲ್ಲ, ಅರಿತವರ ಬಳಿ ಕೇಳಲು ನಾಲಿಗೆ ಏಳಲಿಲ್ಲ. ನಮ್ಮ ಮಕ್ಕಳಿಗೆ ಹೆಸರನ್ನು ಹುಡುಕಲು ಕಲಿಸಿದ್ದೇವೆಯೇ ಹೊರತು ಸಾಕ್ಷಿಯನ್ನು ಹುಡುಕಲು ಕಲಿಸಿಲ್ಲ.

ಅರಿಯದೆ ಬರೆದ ಪತ್ರ ಎಂತಹ ಹಾನಿ ಮಾಡಬಲ್ಲುದೆಂಬುದನ್ನು ನಾವು ಸ್ವತಃ ಬಲ್ಲೆವು. ಕೆಲವು ವರ್ಷಗಳ ಹಿಂದೆ ತರುಣನೊಬ್ಬ ಲೆಕ್ಕಪತ್ರ ವಿಭಾಗದ ಕೆಲಸಕ್ಕೆಂದು ನಮ್ಮಿಂದ ಶಿಫಾರಸು ಪತ್ರ ಬಯಸಿದ. ಆತನ ತಂದೆಯ ಪರಿಚಯ ನಮಗಿತ್ತು, ಆತನ ಪರಿಚಯವಿರಲಿಲ್ಲ. ಆದರೂ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ‘ಪ್ರಾಮಾಣಿಕ, ಪರಿಶ್ರಮಿ, ಸದ್ಗುಣಿ’ ಎಂದು ಬರೆದುಕೊಟ್ಟೆವು. ಒಂದು ವಾರದಲ್ಲಿ ಆ ಸಂಸ್ಥೆಯವರು ದೂರವಾಣಿಯಲ್ಲಿ, “ಈತ ನಿಮ್ಮ ಬಳಿ ಯಾವ ಕೆಲಸ ನಿರ್ವಹಿಸಿದ್ದಾನೆ?” ಎಂದು ವಿಚಾರಿಸಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಕೆಲಸ ಬೇರೆಯವರ ಪಾಲಾಯಿತು. ಆತ ನಿಜವಾಗಿಯೂ ಪ್ರಾಮಾಣಿಕನಾಗಿದ್ದಿರಬಹುದು. ನಮ್ಮ ಪತ್ರವೇ ಆತನನ್ನು ಸಂಶಯಕ್ಕೆ ಗುರಿಮಾಡಿತು. ಅಂದು “ಮಗನೇ, ನಿನ್ನನ್ನು ಅರಿತವರನ್ನು ಕೇಳು” ಎಂದು ಹೇಳಿದ್ದರೆ ಅದೇ ಆತನಿಗೆ ಮಾಡಿದ ಉಪಕಾರವಾಗುತ್ತಿತ್ತು.

ಹಾಗಾದರೆ ಕೇಳುವ ಬಗೆ ಯಾವುದು? ಮೊದಲನೆಯದಾಗಿ, ನಮ್ಮ ಕೆಲಸವನ್ನು ಕಣ್ಣಾರೆ ಕಂಡವರನ್ನು ಕೇಳಬೇಕು. ಎರಡನೆಯದಾಗಿ, ಸಮಯವಿರುವಾಗಲೇ ಕೇಳಬೇಕು. ಸೆಪ್ಟೆಂಬರಿನಲ್ಲಿ ಬೇಕಾದ ಪತ್ರಕ್ಕೆ ಬೇಸಿಗೆಯಲ್ಲೇ ವಿನಂತಿ ಹೋಗಬೇಕು. ಮೂರನೆಯದಾಗಿ, “ಒಂದು ಪತ್ರ ಕೊಡುವಿರಾ?” ಎಂದಷ್ಟೇ ಕೇಳದೆ, “ನನ್ನ ಬಗ್ಗೆ ಒಳ್ಳೆಯ ಮಾತನ್ನು ಮನಃಪೂರ್ವಕವಾಗಿ ಬರೆಯಲು ತಮಗೆ ಸಾಧ್ಯವೇ? ಸಾಧ್ಯವಿಲ್ಲವಾದರೆ ಬೇಸರವಿಲ್ಲ” ಎಂದು ಕೇಳಬೇಕು. ಇಲ್ಲವೆನ್ನುವ ಸ್ವಾತಂತ್ರ್ಯವಿಲ್ಲದವನ ಹೌದಿಗೆ ಬೆಲೆಯಿಲ್ಲ. ಆ ಪತ್ರವನ್ನು ಓದುವ ಹಕ್ಕನ್ನು ಅಭ್ಯರ್ಥಿಗಳು ಸಾಮಾನ್ಯವಾಗಿ ಬಿಟ್ಟುಕೊಡುತ್ತಾರೆ. ಹೀಗಾಗಿ ಈ ಪ್ರಶ್ನೆಯನ್ನು ಮೊದಲೇ ಕೇಳುವುದು ಇನ್ನೂ ಅಗತ್ಯ. ನಾಲ್ಕನೆಯದಾಗಿ, ಒಪ್ಪಿದವರಿಗೆ ತನ್ನ ವಿದ್ಯಾಭ್ಯಾಸ ಮತ್ತು ಅನುಭವದ ವಿವರ, ಒಟ್ಟಿಗೆ ನೋಡಿದ ಎರಡು ಮೂರು ರೋಗಪ್ರಸಂಗಗಳ ನೆನಪು, ಕೊನೆಯ ದಿನಾಂಕ, ಇಷ್ಟನ್ನು ಒದಗಿಸಬೇಕು. ಕಾರ್ಯನಿರತರಾದ ಹಿರಿಯರಿಗೆ ಎಲ್ಲವೂ ನೆನಪಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ದೂರವಾಣಿ ಕರೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಾರ್ಗದರ್ಶಕರು ಕರೆ ಮಾಡಿದಾಗ ತಮ್ಮ ಹೆಸರನ್ನೇ ಒತ್ತೆಯಿಡುತ್ತಾರೆ. “ನಿಮ್ಮ ಆಸ್ಪತ್ರೆಯೇ ಈಕೆಯ ಮೊದಲ ಆಯ್ಕೆ” ಎಂದು ಒಬ್ಬರಿಗೆ ಹೇಳಿಸಿ, ಮತ್ತೊಬ್ಬರಿಂದ ಬೇರೊಂದು ಆಸ್ಪತ್ರೆಗೆ ಅದೇ ಮಾತನ್ನು ಹೇಳಿಸಿದರೆ, ಸುಳ್ಳುಗಾರನ ಪಟ್ಟ ಅಭ್ಯರ್ಥಿಗಷ್ಟೇ ಅಲ್ಲ, ನಂಬಿ ನುಡಿದ ಹಿರಿಯರಿಗೂ ಬರುತ್ತದೆ. ಅವರ ಮುಂದಿನ ವಿದ್ಯಾರ್ಥಿಯ ಬಾಗಿಲೂ ಮುಚ್ಚುತ್ತದೆ. ಮ್ಯಾಚ್ ವ್ಯವಸ್ಥೆಯ ನಿಯಮದಂತೆ ಆದ್ಯತಾ ಪಟ್ಟಿಯನ್ನು ತೋರಿಸೆಂದು ಯಾವ ಆಸ್ಪತ್ರೆಯೂ ಅಭ್ಯರ್ಥಿಯನ್ನು ಕೇಳುವಂತಿಲ್ಲ. ತಾನಾಗಿಯೇ ಆಸಕ್ತಿಯನ್ನು ತಿಳಿಸಲು ಅಡ್ಡಿಯಿಲ್ಲ. ಹಾಗೆ ತಿಳಿಸುವ ಮಾತು ಒಂದೇ ಇರಲಿ, ಸತ್ಯವಿರಲಿ.

ಸತ್ಯ ನುಡಿದರೆ ನಷ್ಟವಾದೀತೆಂಬ ಭಯವೂ ಇಲ್ಲಿ ಬೇಡ. ಪಟ್ಟಿಗಳನ್ನು ಹೊಂದಿಸುವ ಲೆಕ್ಕಾಚಾರದ ಮೂಲದಲ್ಲಿರುವುದು ಗೇಲ್ ಮತ್ತು ಶೇಪ್ಲಿ ಎಂಬ ಗಣಿತಜ್ಞರು 1962ರಲ್ಲಿ ಪ್ರಕಟಿಸಿದ ವಿಚಾರ. 1998ರಿಂದ ಅನ್ವಯವಾದ ಅದರ ಪರಿಷ್ಕೃತ ರೂಪ ಅಭ್ಯರ್ಥಿಯ ಆದ್ಯತೆಯಿಂದಲೇ ಆರಂಭವಾಗುತ್ತದೆ; ಮನಸ್ಸಿನಲ್ಲಿದ್ದ ಕ್ರಮವನ್ನೇ ಬರೆಯುವುದು ಅಭ್ಯರ್ಥಿಗೆ ಕ್ಷೇಮ. ಅದನ್ನು ರೂಪಿಸಿದ ಆಲ್ವಿನ್ ರಾತ್ ಹಾಗೂ ಶೇಪ್ಲಿಯವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಆ ಯುವತಿ 2024ರ ಜೂನ್ ತಿಂಗಳಲ್ಲಿ ಆ ನರರೋಗ ತಜ್ಞರಿಗೆ ಪತ್ರ ಬರೆದಳು. ನಾಲ್ಕು ದಿನ ಉತ್ತರವಿರಲಿಲ್ಲ. ಐದನೆಯ ದಿನ ಬಂದ ಉತ್ತರವನ್ನು ನಮಗೆ ಓದಿ ಹೇಳಿದಳು. ಆಕೆ ಕೇಳುವಳೆಂದು ಅವರು ಹಿಂದಿನ ವರ್ಷವೇ ಕಾದಿದ್ದರಂತೆ! ಇಂಟರ್ನ್‌ಶಿಪ್ ಸಮಯದಲ್ಲಿ ಆಕೆಯ ರಾತ್ರಿಪಾಳಿಗಳನ್ನು ಕಂಡಿದ್ದ ಇಲ್ಲಿಯ ವೈದ್ಯೆಯೊಬ್ಬರೂ ಸಂತೋಷದಿಂದ ಬರೆದುಕೊಟ್ಟರು. ಫೆಬ್ರವರಿಯಲ್ಲಿ, ಸಂದರ್ಶನಗಳು ಮುಗಿದ ಮೇಲೆ, ತಾನು ನಿಜವಾಗಿ ಮೊದಲು ಬರೆಯಲಿರುವ ಒಂದೇ ಆಸ್ಪತ್ರೆಯ ಹೆಸರನ್ನು ತಜ್ಞರಿಗೆ ತಿಳಿಸಿ, ಒಂದು ಮಾತು ಹೇಳುವಿರಾ ಎಂದು ಕೇಳಿದಳು. “ನಾನು ಕಂಡದ್ದನ್ನಷ್ಟೇ ಹೇಳುವೆ; ನೀನು ಸಭೆಯಲ್ಲಿ ತೀರ ಮೆಲ್ಲಗೆ ಮಾತನಾಡುವೆ ಎಂಬುದನ್ನೂ ಸೇರಿಸಿ” ಎಂದರಂತೆ. ಹಾಗೆಯೇ ಹೇಳಿದರು.

2025ರ ಮಾರ್ಚಿನಲ್ಲಿ ಆಕೆಗೆ ಸ್ಥಾನ ದೊರೆಯಿತು. ಮೊದಲ ಆಯ್ಕೆಯಲ್ಲಲ್ಲ, ಎರಡನೆಯದರಲ್ಲಿ. ಆ ಕರೆಯಿಂದಲೇ ಎಲ್ಲವೂ ಆಯಿತೆಂದು ನಾವು ಹೇಳಲಾರೆವು. ಸಾಕ್ಷ್ಯದ ಕೆಲಸ ಬಾಗಿಲು ಒಡೆಯುವುದಲ್ಲ. ಒಳಗಿರುವವರಿಗೆ ಹೊರಗೆ ನಿಂತಿರುವವರು ಯಾರೆಂದು ತಿಳಿಸುವುದು. ಆಕೆ ಮೊದಲು ಮಾಡಿದ ಕೆಲಸ, ಪರವಾಗಿ ನುಡಿದ ಎಲ್ಲರಿಗೂ ಕೃತಜ್ಞತೆಯ ಪತ್ರ ಬರೆದದ್ದು. ಸ್ಥಾನ ದೊರೆಯದಿದ್ದರೂ ಬರೆಯುತ್ತಿದ್ದೆ ಎಂದಳು, ನಾವು ನಂಬುತ್ತೇವೆ.

ಮನೆಯಲ್ಲಿ ವೈದ್ಯರಿರುವ ಮಕ್ಕಳಿಗೆ ಈ ರೀತಿನೀತಿಗಳು ಊಟದ ಮೇಜಿನಲ್ಲೇ ತಿಳಿಯುತ್ತವೆ. ಗದ್ದೆಯಿಂದ, ಸಣ್ಣ ಅಂಗಡಿಯಿಂದ, ಶಾಲಾ ಮಾಸ್ತರರ ಮನೆಯಿಂದ ಬಂದ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಆದುದರಿಂದ ನಮ್ಮ ಸಮುದಾಯದ ಹಿರಿಯ ವೈದ್ಯರಲ್ಲಿ ಒಂದು ವಿನಂತಿ: ನಿಮ್ಮ ಕೈಕೆಳಗೆ ದುಡಿದ ಸಂಕೋಚದ ಮಗುವೊಂದಿದ್ದರೆ, ಅದು ಕೇಳುವವರೆಗೆ ಕಾಯಬೇಡಿ. ತಾಯಿತಂದೆಯರಲ್ಲಿಯೂ ಒಂದು ಮಾತು: ದೊಡ್ಡವರ ಮನೆಬಾಗಿಲಿಗೆ ಅಲೆಯುವ ಮೊದಲು ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು, “ನಿನ್ನ ಕೆಲಸವನ್ನು ನಿಜವಾಗಿ ಕಂಡವರು ಯಾರು?” ಎಂದು ಕೇಳಿ. ಆ ಹೆಸರು ಚಿಕ್ಕದಾಗಿದ್ದರೂ ಅವರ ಬಳಿಗೇ ಕಳುಹಿಸಿ.